ದೂತನ ಕೈಯಲ್ಲಿ ಸಕ್ಕರೆ

"ಯಾರು ಮಾರಾಯ್ತಿ ಇವನನ್ನು ಕಳಿಸಿದ್ದು?" ಮೂಸಬ್ಬರು ಚಹಾದ ಗ್ಲಾಸನ್ನು ಠಪ್ಪೆಂದು ಕೆಳಗಿಟ್ಟರು. "ಬಾಗಿಲಿಗೆ ಬಂದವನೇ ‘ಓ ಮಹಾರಾಣಿಯೇ, ನಿನ್ನ ಕುಮಾರನು ಹತನಾದನು’ ಅಂತ ಬೊಬ್ಬೆ ಹಾಕುವುದಾ? ಇವನಿಗೆ ಮಂಡೆ ಸಮ ಉಂಟಾ?"

ವಿಸ್ಮಿತಾ ಓದುತ್ತಿದ್ದ ಹಾಳೆಗಳನ್ನು ಮಡಚಿದಳು. ಮೂಡುಬಿದಿರೆಯ ಕಾಲೇಜಿನಲ್ಲಿ ಪಾಠ ಮಾಡುವ ಅವಳು ಮೂರು ವರ್ಷ ಕೂತು ಒಂದು ಗ್ರೀಕ್ ದುರಂತ ನಾಟಕವನ್ನು ಕನ್ನಡಕ್ಕೆ ತಂದಿದ್ದಳು. ಯುದ್ಧಕ್ಕೆ ಹೋದ ಮಗನ ಸಾವನ್ನು ದೂತನೊಬ್ಬ ಬಂದು ರಾಣಿಗೆ ಹೇಳುವಲ್ಲೇ ಆ ನಾಟಕದ ಜೀವ. ಅಭ್ಯಾಸದ ದಿನ ಸರಿಯಾಗಿ ಅಲ್ಲಿಗೇ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಭಾನುವಾರ ವಿಟ್ಲದ ಶಾಲೆಯಲ್ಲಿ ಪ್ರದರ್ಶನ. ನೋಡಲು ಪ್ರಕಾಶಕರು ಬರುವವರಿದ್ದರು. ದುರಂತಕ್ಕೆ ಜನ ನಕ್ಕರೆ ಪುಸ್ತಕ ಅಚ್ಚು ಹಾಕುವುದಿಲ್ಲ ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು.

"ಎರಡೂವರೆ ಸಾವಿರ ವರ್ಷದ ಹಿಂದೆ ಬರೆದದ್ದು ಕಾಕ."

"ಅಷ್ಟು ವರ್ಷದಲ್ಲಿ ಅವನಿಗೆ ಬುದ್ಧಿ ಹೇಳುವವರು ಒಬ್ಬರೂ ಸಿಗ್ಲಿಲ್ವಾ?"

ಅವಳು ಇವರಲ್ಲಿಗೆ ಸುಮ್ಮನೆ ಬಂದದ್ದಲ್ಲ. ವಿಟ್ಲದ ಆ ಕೊನೆಗೆಲ್ಲ ಒಂದೇ ಫೋನ್, ಅದೂ ಮೂಸಬ್ಬರ ಜೀನಸು ಅಂಗಡಿಯಲ್ಲಿ ಎಂಬ ಕಾಲವೊಂದಿತ್ತು. ಮಸ್ಕತ್, ದುಬೈ, ದಮ್ಮಾಮ್, ಎಲ್ಲಿ ಯಾರು ತೀರಿಕೊಂಡರೂ ಸುದ್ದಿ ಮೊದಲು ಬರುತ್ತಿದ್ದದ್ದು ಅಲ್ಲಿಗೆ. ಅಂಗಡಿಯ ಸಾಮಾನು ಬೇಕಾದವರು ತಾವೇ ಬಂದು ಹೊತ್ತುಕೊಂಡು ಹೋಗಬೇಕಿತ್ತು. ಸಾವಿನ ಸುದ್ದಿಯನ್ನು ಮಾತ್ರ ಮೂಸಬ್ಬರೇ ಮನೆಗೆ ಮುಟ್ಟಿಸುತ್ತಿದ್ದರು. ಮಸ್ಕತ್ತಿನಲ್ಲಿ ಕ್ರೇನ್ ಓಡಿಸುತ್ತಿದ್ದ ವಿಸ್ಮಿತಾಳ ಅಪ್ಪನ ಸುದ್ದಿಯನ್ನು ಅವಳ ತಾಯಿ ಪೂವಮ್ಮನಿಗೆ ತಂದವರೂ ಅವರೇ. ಆಗ ಅವಳಿಗೆ ನಾಲ್ಕು ವರ್ಷ.

"ನೋಡು, ಹೇಳ್ತೇನೆ." ಮೂಸಬ್ಬರು ಕಾಲು ಮಡಚಿ ಸರಿಯಾಗಿ ಕೂತರು. "ಮೊದಲು ಎರಡು ಕಿಲೋ ಸಕ್ಕರೆ, ಅರ್ಧ ಕಿಲೋ ಚಾಹುಡಿ ಚೀಲಕ್ಕೆ ಹಾಕ್ಬೇಕು. ಒಂದು ಗಂಟೆಯಲ್ಲಿ ಮನೆ ತುಂಬ ಜನ ಆಗ್ತದೆ, ಡಬ್ಬಿಯಲ್ಲಿ ಸಕ್ಕರೆ ಉಂಟಾ ಅಂತ ನೋಡುವವರು ಯಾರೂ ಇರುವುದಿಲ್ಲ. ಹೋಗಿ ನೀರು ಕೇಳ್ಬೇಕು. ಅವರು ಒಳಗೆ ಹೋಗಿ ಬರುವಷ್ಟರಲ್ಲಿ ಮನೆಯಲ್ಲಿ ಬೇರೆ ಯಾರೆಲ್ಲ ಇದ್ದಾರೆ ಅಂತ ಗೊತ್ತಾಗ್ತದೆ. ಆಮೇಲೆ ‘ಊಟ ಆಯ್ತಾ’ ಅಂತ ಕೇಳ್ಬೇಕು. ಆಯ್ತು ಅಂದ ಮೇಲೆಯೇ ಸುದ್ದಿ. ಮತ್ತೆ ಎರಡು ದಿನ ಅವರ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ, ಅಲ್ವಾ?"

"ಆಗ್ಲಿಲ್ಲ ಅಂದ್ರೆ?"

"ಹಾಗೆ ಯಾರೂ ಹೇಳಿದ್ದೇ ಇಲ್ಲ! ಮೂವತ್ತು ಮನೆಗಾದರೂ ಹೋಗಿದ್ದೇನೆ. ಎಲ್ಲ ಕಡೆಯೂ ಊಟ ಆಗಿಯೇ ಇತ್ತು. ಖಾಲಿ ಹೊಟ್ಟೆಗೆ ಒಬ್ಬರಿಗೂ ಸುದ್ದಿ ಕೊಟ್ಟವನಲ್ಲ ನಾನು." ಅವರ ಎದೆ ತುಸು ಉಬ್ಬಿತು. "ಈಗ ಎಂತ? ಸತ್ತವನ ಕಣ್ಣು ಮುಚ್ಚುವ ಮೊದಲೇ ಸ್ಟೇಟಸ್ಸಿನಲ್ಲಿ ಫೋಟೊ. ನಿನ್ನ ಗ್ರೀಕಿನವನೂ ಅದೇ ಪೈಕಿ."

"ಆದ್ರೆ ಮೂಲದಲ್ಲಿ ಹಾಗೆ ಇಲ್ಲ ಕಾಕ. ಅಲ್ಲಿ ದೂತ ನಲವತ್ತು ಸಾಲು ಮಾತಾಡ್ತಾನೆ."

"ಮೂಲದವರು ನೋಡ್ಲಿಕ್ಕೆ ಬರ್ತಾರಾ?"

ಬರುವವರಿರಲಿಲ್ಲ. ವಿಸ್ಮಿತಾ ಪೆನ್ನು ತೆಗೆದಳು.

ಭಾನುವಾರ ಮೂಸಬ್ಬರಿಗೆ ಮುಂದಿನ ಸಾಲಿನಲ್ಲೇ ಕುರ್ಚಿ, ಪಕ್ಕದಲ್ಲಿ ಪೂವಮ್ಮ. ವೇದಿಕೆಯ ಮೇಲೆ ಹನ್ನೆರಡು ಮಂದಿ ಮೇಳದವರು ರಾಣಿಯ ಸುತ್ತ ನಿಂತು ಒಂದೇ ಸ್ವರದಲ್ಲಿ ವಿಧಿಯನ್ನು ಬೈಯುತ್ತಿದ್ದರು. "ಇಷ್ಟು ಜನ ಇದ್ದಾರೆ. ಆ ಹೆಂಗಸಿಗೆ ಒಂದು ಕುರ್ಚಿ ಕೊಡುವವರಿಲ್ಲ," ಎಂದು ಮೂಸಬ್ಬರು ಗೊಣಗಿದರು.

ಆಗ ದೂತನ ವೇಷ ಹಾಕಿದ ಅಮಲ್ ಎಂಬ ಹುಡುಗ ಬಂದ. ಗ್ರೀಕರ ಬಿಳಿ ನಿಲುವಂಗಿ, ಕೈಯಲ್ಲಿ ಜೀನಸು ಅಂಗಡಿಯ ಚೀಲ. ಹಿಂದಿನಿಂದ ಯಾರೋ ಹುಡುಗರು ಕಿಸಕ್ಕೆಂದರು. ಅಮಲ್ ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟ. ಕುಡಿಯಲು ನೀರು ಕೇಳಿದ. ಅಷ್ಟು ಹೊತ್ತಿಗೆ ಸಭೆಯಲ್ಲಿದ್ದ ವಿಟ್ಲದ ಹೆಂಗಸರೆಲ್ಲ ಮಾತು ನಿಲ್ಲಿಸಿದ್ದರು. ಏನಾಯಿತೆಂದು ತಿಳಿಯದೆ ಪ್ರಕಾಶಕರು ಹಿಂದಕ್ಕೆ ತಿರುಗಿ ನೋಡಿದರು.

"ಮಹಾರಾಣಿ, ನಿಮ್ಮ ಊಟ ಆಯ್ತಾ?"

ರಾಣಿ ಚೀಲವನ್ನೊಮ್ಮೆ ನೋಡಿದಳು. "ಆಯ್ತು."

ಸೆರಗುಗಳು ಒಂದೊಂದಾಗಿ ಕಣ್ಣಿಗೆ ಹೋದವು. ಕಿಸಕ್ಕೆಂದಿದ್ದ ಹುಡುಗರೂ ಕತ್ತು ಚಾಚಿ ನೋಡತೊಡಗಿದರು. ಪ್ರಕಾಶಕರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. ಪರದೆಯ ಬದಿಯಿಂದ ಇಣುಕುತ್ತಿದ್ದ ವಿಸ್ಮಿತಾ ಅದನ್ನು ಕಂಡು ಗೋಡೆಗೆ ಒರಗಿದಳು.

ಮೂಸಬ್ಬರು ಬೀಗಿದರು. "ಕಂಡಿರಾ ಪೂವಮ್ಮ? ಊಟ ಆಗಿರ್ಬೇಕು ಅಂತ ನಾನು ಹೇಳುವುದು ಇದಕ್ಕೇ."

"ಆಗಿರ್ಲಿಲ್ಲ," ಎಂದಳು ಪೂವಮ್ಮ. ಕಣ್ಣು ವೇದಿಕೆಯ ಮೇಲೆಯೇ ಇತ್ತು.

"ಈಗ ಆಯ್ತು ಅಂದಳಲ್ಲ, ರಾಣಿ?"

"ನನ್ನದು ಹೇಳಿದ್ದು ಸಾಯ್ಬ್ರೇ, ಆ ದಿನದ್ದು. ಒಂದು ಬೆಂಕಿಪೆಟ್ಟಿಗೆ ಸಹ ಮನೆಗೆ ತಂದು ಕೊಡದ ನೀವು ಸಕ್ಕರೆ ಹಿಡ್ಕೊಂಡು ಗದ್ದೆಯ ಹುಣಿಯ ಮೇಲೆ ನಡೆದು ಬರುವುದು ಕಾಣುವಾಗಲೇ ಗೊತ್ತಾಯ್ತು. ಆಯ್ತು ಅಂತ ಹೇಳದಿದ್ರೆ ನೀವು ಇನ್ನೆಷ್ಟು ಹೊತ್ತು ಹಾಗೇ ನಿಲ್ತಿದ್ರೋ, ಪಾಪ."

ವೇದಿಕೆಯಲ್ಲಿ ದೂತನ ನಲವತ್ತು ಸಾಲು ಶುರುವಾಗಿತ್ತು. ಮೂಸಬ್ಬರ ಕಿವಿಗೆ ಒಂದೂ ಬೀಳಲಿಲ್ಲ. ಅವರಿಗೆ ಕೆರೆಯ ಬದಿಯ ಬೇರೆ ಮನೆಯೊಂದು ನೆನಪಾಗಿತ್ತು. ಅಲ್ಲಿಗೆ ಮುಟ್ಟಿದಾಗ ಬೆಳಿಗ್ಗೆ ಏಳೂವರೆ. ಆ ಹೆಂಗಸು ಊಟ ಆಯ್ತು ಎಂದಿದ್ದಳು. ಬೇಗ ಉಣ್ಣುವ ಮನೆ ಎಂದು ಅವರು ಇಷ್ಟು ವರ್ಷ ತಿಳಿದುಕೊಂಡಿದ್ದರು.