ಯಜಮಾನನಿಲ್ಲದೆ ಹೊರಡದ ಕಾರು

ಎಲ್ದಿಯಾರ್ ಬಟನ್ ಒತ್ತಿದ. ಕಾರು ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಎದುರಿನ ಫಲಕದಲ್ಲಿ ಕೀ ಆಕಾರದ ಕೆಂಪು ದೀಪ ಮಾತ್ರ ಮಿಟುಕಿತು. ಜೇಬು ತಡಕಿದ. ಇನ್ನೊಂದು ಜೇಬು. ಸೀಟಿನ ಸಂದಿ. ಕೀ ಇಲ್ಲ.

ಕರಕೋಲ್ ಪಟ್ಟಣದ ಕುರಿ ಸಂತೆಯಿಂದ ಸಲೀಸಾಗಿ ಬಂದ ಕಾರು, ಅವನು ಸರೋವರದ ದಂಡೆಯಲ್ಲಿ ಕಾಲಾಡಿಸಿ ಬರುವಷ್ಟರಲ್ಲಿ ಮುಷ್ಕರ ಹೂಡಿತ್ತು. ಇವತ್ತೇ ಆಗಬೇಕೆ? ತೊಸೋರ್ ಹಳ್ಳಿಯಲ್ಲಿ ಸಗಿನಾಲಿ ಕಾಯುತ್ತಿದ್ದರು. ಸಂತೆಯಲ್ಲಿ ಕೊಂಡ ಈ ಟಗರು ಅವರ ಅಂಗಳ ತಲುಪಿ, ನೆಂಟರ ಊಟವಾದರೆ ಅವರ ಮಗಳು ಬುರುಲ್ ಎಲ್ದಿಯಾರ್‌ನವಳು. ಇಲ್ಲವಾದರೆ ಇಲ್ಲ.

ಅಷ್ಟರಲ್ಲಿ ಬುರುಲ್‌ಳ ಅಣ್ಣ ಜೊಲ್ದೊಶ್ ಟಗರಿಗೆ ನೀರು ಕುಡಿಸಿ ಮರಳಿದ. ಅದನ್ನು ಹಿಂದಿನ ಸೀಟಿಗೆ ನೂಕಿ, ತಾನು ಮುಂದೆ ಬಂದು ಕುಳಿತ. ಎಲ್ದಿಯಾರ್ ಸುಮ್ಮನೆ ಇನ್ನೊಮ್ಮೆ ಒತ್ತಿದ. ಇಂಜಿನ್ ಗುರ್ರೆಂದಿತು.

"ಏನ್ ಭಾವ, ಮುಖ ಯಾಕೆ ಹಾಗಾಯ್ತು?" ಎಂದ ಜೊಲ್ದೊಶ್.

"ಏನಿಲ್ಲ ಭಾವ."

ಏನಿಲ್ಲ ಎಂದರೆ ಎಲ್ಲ ಇತ್ತು. ಈ ಕಾರಿಗೆ ಕೀಯನ್ನು ತಿರುಗಿಸಬೇಕಿಲ್ಲ. ಅದು ಕಾರಿನೊಳಗೆ ಯಾರ ಜೇಬಿನಲ್ಲಿದ್ದರೂ ಸಾಕು. ಜೊಲ್ದೊಶ್‌ಗಂತೂ ತಂಗಿಯನ್ನು ಟ್ರ್ಯಾಕ್ಟರ್ ಓಡಿಸುವ ತನ್ನ ಗೆಳೆಯನಿಗೆ ಕೊಡುವ ಆಸೆ. ಅದು ಊರಿಗೇ ಗೊತ್ತಿದ್ದ ಸಂಗತಿ.

ಪರೀಕ್ಷಿಸಿಯೇ ಬಿಡೋಣವೆಂದು ಮೀನು ಮಾರುವ ಹೆಂಗಸಿನ ಬಳಿ ಕಾರು ನಿಲ್ಲಿಸಿ ಇಂಜಿನ್ ಆರಿಸಿದ.

"ಭಾವ, ಮಾವನಿಗೆ ಒಂದೆರಡು ಮೀನು ತರ್ತೀಯಾ?"

ಜೊಲ್ದೊಶ್ ಇಳಿದ. ಹಿಂದಿನ ಬಾಗಿಲು ತೆರೆದು ಟಗರನ್ನೂ ಎಳೆದುಕೊಂಡ. "ಇದನ್ನ ಇಲ್ಲಿ ಬಿಟ್ಟು ಹೋದ್ರೆ ನಿನ್ನ ಹೊಸ ಸೀಟ್ ಮೇಲೆ ಏನಾದ್ರೂ ಮಾಡುತ್ತೆ. ಆಮೇಲೆ ಇದು ಮಾಡಿದ್ದನ್ನೂ ನನ್ನ ತಲೆಗೇ ಕಟ್ತೀಯ."

ಅವನು ಮೀನಿಗೆ ಚೌಕಾಸಿ ಮಾಡುತ್ತಿದ್ದಾಗ ಎಲ್ದಿಯಾರ್ ಬಟನ್ ಒತ್ತಿದ. ಕೆಂಪು ದೀಪ. ಜೊಲ್ದೊಶ್ ಟಗರನ್ನು ಹತ್ತಿಸಿ ಬಂದು ಕುಳಿತ ಮೇಲೆ ಒತ್ತಿದ. ಗುರ್ರ್. ಕಳ್ಳ ಕೈಗೆ ಸಿಕ್ಕಂತಾಯಿತು. ಆದರೂ ಬಾಯಿ ಬಿಡಲಿಲ್ಲ. ದಾರಿಯಲ್ಲಿ ಜಗಳವಾಡಿ ಅವನು ಇಳಿದು ನಡೆದರೆ, ತೊಸೋರ್ ಸೇರುವುದು ಹೇಗೆ?

ತೊಸೋರ್ ತಲುಪಿದ್ದೇ ತಡ, ಟಗರನ್ನು ಅಂಗಳಕ್ಕೆ ಇಳಿಸಿದರು. ನೆರೆಯವರು ಸುತ್ತ ನೆರೆದರು. ಎಲ್ದಿಯಾರ್ ಇಂಜಿನ್ ಆರಿಸಿ ನೇರ ಸಗಿನಾಲಿಯ ಮುಂದೆ ನಿಂತ.

"ಮಾವ, ನಿಮ್ಮ ಮಗ ನನ್ನ ಕೀ ಕದ್ದಿದ್ದಾನೆ."

"ಏನಂದೆ?"

"ಈ ಕಾರಿನ ವಿಷಯ ನಿಮಗೆ ಗೊತ್ತಿಲ್ಲ. ಫ್ಯಾಕ್ಟರಿಯಲ್ಲೇ ಕಾವಲು ಹಾಕಿ ಕಳಿಸಿದ್ದಾರೆ. ಬೀಗ ಹಾಕಿದಾಗ ಯಾರಾದ್ರೂ ಬಾಗಿಲು ಮೀಟಿದ್ರೆ ಊರೇ ಎದ್ದು ಕೂರೋ ಹಾಗೆ ಕಿರುಚುತ್ತೆ. ಹೇಗೋ ಒಳಗೆ ನುಗ್ಗಿದ್ರೂ ಇಂಜಿನ್ ಏಳಲ್ಲ. ಕೀ ಒಳಗೊಂದು ಚಿಪ್ ಇದೆ. ಕಾರು 'ಯಾರಪ್ಪ ನೀನು' ಅಂತ ಕೇಳುತ್ತೆ, ಚಿಪ್ ಗುಟ್ಟಿನ ಸಂಖ್ಯೆ ಹೇಳುತ್ತೆ. ತಪ್ಪಿದ್ರೆ ಇಂಧನ ಬಂದ್. ಇವನು ಕೂತ್ರೆ ಹೊರಡುತ್ತೆ, ಇಳಿದ್ರೆ ಸಾಯುತ್ತೆ. ಇನ್ನೇನು ಸಾಕ್ಷಿ ಬೇಕು?"

ಸಗಿನಾಲಿಯ ಮೀಸೆ ಅದುರಿತು. "ಕೀ ಇವನ ಹತ್ರ ಸಿಕ್ರೆ ಮಗಳನ್ನೂ ಕೊಡ್ತೀನಿ, ಎಲ್ಲರೆದುರು ಕ್ಷಮೆನೂ ಕೇಳ್ತೀನಿ. ಸಿಗ್ಲಿಲ್ವೋ, ನಿನ್ನ ಟಗರು ತುಂಬ್ಕೊಂಡು ಹೊರಡ್ತಾ ಇರು."

ಜೊಲ್ದೊಶ್ ಬಟ್ಟೆ ಬಿಚ್ಚತೊಡಗಿದ. ಕೋಟಿನಿಂದ ಒಂದು ಚಾಕು, ಪ್ಯಾಂಟಿನಿಂದ ಎರಡು ಒಣಮೊಸರಿನ ಉಂಡೆ, ಬೂಟಿನಿಂದ ವಾಸನೆ ಬಂತು. ಉಣ್ಣೆಯ ಟೋಪಿಯನ್ನೂ ತಲೆಕೆಳಗು ಮಾಡಿ ಕೊಡವಿದ. ಕೊನೆಗೆ ಉದ್ದನೆಯ ಒಳಚಡ್ಡಿಯಲ್ಲಿ ಏಪ್ರಿಕಾಟ್ ಮರದ ಕೆಳಗೆ ಕೈ ಮೇಲೆತ್ತಿ ನಿಂತ.

"ಇನ್ನೂ ಹುಡುಕ್ತೀಯಾ ಭಾವ? ಹೆಂಗಸರನ್ನ ಒಳಗೆ ಕಳಿಸ್ಲಾ?"

ಕೀ ಇರಲಿಲ್ಲ. ಕಿಟಕಿಯಲ್ಲಿ ಇಣುಕುತ್ತಿದ್ದ ಬುರುಲ್ ಪರದೆ ಎಳೆದುಕೊಂಡಳು. ಎಲ್ದಿಯಾರ್‌ಗೆ ಕೀ ಹಾಳಾಗಲಿ, ಹುಡುಗಿ ಹೋದಳಲ್ಲ ಎಂದು ಅಳುವೇ ಬಂತು.

"ಹೊರಡು," ಎಂದರು ಸಗಿನಾಲಿ. ಇಬ್ಬರು ನೆರೆಯವರು ಆಗಲೇ ಟಗರನ್ನು ಹಿಂದಿನ ಸೀಟಿಗೆ ದಬ್ಬಿ ಬಾಗಿಲು ಹಾಕಿದ್ದರು.

"ಹೇಗೆ ಹೊರಡ್ಲಿ ಮಾವ? ಕೀ ಇಲ್ದೆ ಹೊರಡಲ್ಲ ಅಂತ ತಾನೆ ಇಷ್ಟೊತ್ತೂ ಬಡ್ಕೊಂಡಿದ್ದು! ಬೇಕಾದ್ರೆ ನೀವೇ ನೋಡಿ!"

ಕಾರಿನೊಳಗೆ ಕುಳಿತು ರೋಷದಿಂದ ಬಟನ್ ಒತ್ತಿದ.

ಗುರ್ರ್.

ಎಲ್ಲರೂ ಜೊಲ್ದೊಶ್‌ನತ್ತ ನೋಡಿದರು. ಅವನು ಮರದ ಕೆಳಗೆ ಕೈ ಎತ್ತಿಕೊಂಡೇ ಇದ್ದ. ಆಮೇಲೆ ಎಲ್ಲರ ಕಣ್ಣೂ ನಿಧಾನವಾಗಿ ಹಿಂದಿನ ಸೀಟಿಗೆ ತಿರುಗಿತು. ಟಗರು ಮೆಲುಕು ಹಾಕುತ್ತಿತ್ತು.

ಸಗಿನಾಲಿ ಬಾಗಿಲು ತೆರೆದರು. ಕುರಿ ಕೊಳ್ಳುವ ಪ್ರತಿಯೊಬ್ಬನೂ ಮೊದಲು ಕೈ ಹಾಕುವ ಜಾಗಕ್ಕೆ, ಅದರ ಕೊಬ್ಬಿದ ಬಾಲದ ಅಡಿಗೆ, ಕೈ ತೂರಿಸಿದರು. ಜಡೆಗಟ್ಟಿದ ಉಣ್ಣೆಯಿಂದ ಉಂಗುರ ಸಮೇತ ಕೀ ಬಿಡಿಸಿ ತೆಗೆದರು.

"ಸಂತೇಲಿ ಇದರ ಬಾಲ ಎತ್ತಿ ತೂಗಿ ನೋಡಿದ್ದು ಯಾರಪ್ಪ?"

"ನಾನೇ ಮಾವ," ಎಂದ ಎಲ್ದಿಯಾರ್. "ಕೀ ಬೆರಳಲ್ಲೇ ಇತ್ತು."

ಪರದೆಯ ಹಿಂದಿನಿಂದ ನಗು ಕಿಸಕ್ಕೆಂದಿತು. ಸಗಿನಾಲಿ ಅತ್ತ ಒಮ್ಮೆ ನೋಡಿ ಕೆಮ್ಮಿದರು.

"ಕದ್ದವನಿಗೆ ಇವತ್ತು ಮಧ್ಯಾಹ್ನವೇ ಶಿಕ್ಷೆ. ಸುಳ್ಳು ದೂರು ಕೊಟ್ಟವನಿಗೆ ಜೀವಾವಧಿ. ಬುರುಲ್, ಬಾಮ್ಮ, ನಿನ್ನ ಕೈದೀನ ಒಳಗೆ ಕರ್ಕೊಂಡು ಹೋಗು."