ಜಂಟಿ ಹೊಣೆ

ಕ್ಯಾಂಟೀನಿನ ಕಂಬದ ಮರೆಯಲ್ಲಿ ನಿಂತು ಕದ್ದು ಕೇಳುವುದು ನಿರ್ದೇಶಕಿಯ ಘನತೆಗೆ ತಕ್ಕ ಕೆಲಸವಾಗಿರಲಿಲ್ಲ. ಆದರೂ ನಿಂತಿದ್ದರು. ಕೈಯಲ್ಲಿದ್ದ ಕಾಫಿ ಆರುತ್ತಿತ್ತು. ಕಿವಿ ಮಾತ್ರ ಬಿಸಿಯಾಗಿತ್ತು.

ಕಂಬದ ಆಚೆ ಪೂರ್ವ ವಲಯದ ಇಬ್ಬರು ಅಧಿಕಾರಿಗಳು ಕೂತಿದ್ದರು. ಒಬ್ಬರು ನೀರು ಸರಬರಾಜಿನ ಎಂಜಿನಿಯರ್. ಇನ್ನೊಬ್ಬರು ಆರೋಗ್ಯ ಇಲಾಖೆಯ ಡಾಕ್ಟರಮ್ಮ. ಸಭೆಯಲ್ಲಿ ಪರಸ್ಪರ "ಸರ್", "ಮೇಡಂ" ಎನ್ನುವವರು ಇಲ್ಲಿ ನೀನು-ನಾನು ಎಂದು ಮಾತಾಡುತ್ತಿದ್ದರು.

"ಬೆಳಗ್ಗೆ ನನ್ನದು, ಸಂಜೆ ನಿನ್ನದು," ಎಂದರು ಡಾಕ್ಟರಮ್ಮ.

"ಸರಿ. ಮಧ್ಯೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಯಾರ ಪಾಳಿ ಅಂತ ಕೇಳೋದೇ ಬೇಡ. ಇಬ್ಬರೂ ಓಡೋಣ. ಆದ್ರೆ ಒಂದು, ಅವಳ ಮುಂದೆ ನಮ್ಮಿಬ್ಬರ ಬಾಯಲ್ಲೂ ಒಂದೇ ಮಾತು ಬರಬೇಕು. ನೀನೊಂದು ನಾನೊಂದು ಹೇಳಿದ್ವೋ, ಮುಗೀತು ಕಥೆ. ಬಹಳ ಚುರುಕು ಅವಳು."

'ಅವಳು' ಎಂದರೆ ತಾನೇ ಎಂಬುದರಲ್ಲಿ ನಿರ್ದೇಶಕಿಗೆ ಅನುಮಾನ ಉಳಿಯಲಿಲ್ಲ. ಏಕವಚನಕ್ಕೆ ಸಿಟ್ಟು ಬಂತು. ಚುರುಕು ಎಂದದ್ದಕ್ಕೆ, ಸುಳ್ಳೇಕೆ, ಸ್ವಲ್ಪ ಖುಷಿಯೂ ಆಯಿತು.

ಅವರು ಹೀಗೆ ಬೇಹುಗಾರಿಕೆಗೆ ಇಳಿಯಲು ಕಾರಣವಿತ್ತು. ಮಕ್ಕಳ ವಾಂತಿ-ಭೇದಿ ತಗ್ಗಿಸಲು ಎರಡು ಇಲಾಖೆಗಳು ಸೇರಿ ನಡೆಸುತ್ತಿದ್ದ ಯೋಜನೆಯೊಂದು ಅವರ ಉಸ್ತುವಾರಿಯಲ್ಲಿತ್ತು. ಮೊದಲೆಲ್ಲ ಎಷ್ಟು ಪೈಪು ಹಾಕಿದಿರಿ, ಎಷ್ಟು ಮಾತ್ರೆ ಹಂಚಿದಿರಿ ಎಂದಷ್ಟೇ ಮೇಲಿನವರು ಕೇಳುತ್ತಿದ್ದರು. ಎಲ್ಲ ವಲಯಗಳಿಂದಲೂ ಭರ್ಜರಿ ಉತ್ತರ ಬರುತ್ತಿತ್ತು. ಮಕ್ಕಳು ಮಾತ್ರ ಹೊಟ್ಟೆ ಹಿಡಿದುಕೊಂಡು ಮಲಗುತ್ತಲೇ ಇದ್ದರು. ಈ ನಿರ್ದೇಶಕಿ ಬಂದವರೇ ಪ್ರಶ್ನೆಯನ್ನೇ ಬದಲಾಯಿಸಿದರು.

"ಏನು ಮಾಡಿದ್ರಿ ಅಂತ ಹೇಳಬೇಡಿ. ಅದರಿಂದ ಏನಾಯ್ತು ಅಂತ ಹೇಳಿ. ಏನೂ ಆಗದಿದ್ರೆ ಯಾರು ಹೊಣೆ ಅಂತಾನೂ ಹೇಳಿ."

ಅಂದಿನಿಂದ ಪರಿಶೀಲನಾ ಸಭೆಗಳು ಕುಸ್ತಿಯ ಕಣಗಳಾದವು. "ನಮ್ಮ ನೀರು ಶುದ್ಧವಾಗಿದೆ, ಇವರು ಜನಕ್ಕೆ ಕೈ ತೊಳೆಯೋದು ಕಲಿಸಿಲ್ಲ" ಎಂದು ನೀರಿನವರು. "ಕಲಿಸಿ ಕಲಿಸಿ ಗಂಟಲು ಹರೀತು, ತೊಳೆಯೋಕೆ ನೀರೆಲ್ಲಿದೆ?" ಎಂದು ಆರೋಗ್ಯದವರು.

ಪೂರ್ವ ವಲಯದಲ್ಲಿ ಮಾತ್ರ ಕಾಯಿಲೆ ಇಳಿಯುತ್ತಿತ್ತು. ಒಮ್ಮೆ ಥಟ್ಟನೆ ಏರಿತು. ಆ ಸಭೆಯಲ್ಲಿ ಇವರಿಬ್ಬರೂ ಎದ್ದು ನಿಂತರು.

"ಪೈಪು ಒಡೆದಿತ್ತು. ನಾನು ಇವರಿಗೆ ಬೇಗ ತಿಳಿಸಲಿಲ್ಲ," ಎಂದರು ಎಂಜಿನಿಯರ್.

"ನಾನೂ ಕೇಳಲಿಲ್ಲ. ತಪ್ಪು ಇಬ್ಬರದ್ದೂ," ಎಂದರು ಡಾಕ್ಟರಮ್ಮ.

ಸಭೆ ಬೆಚ್ಚಿಬಿತ್ತು. ಅಂಥ ಮಾತು ಆ ಕಟ್ಟಡದೊಳಗೆ ಕೇಳಿಬಂದ ನೆನಪು ಯಾರಿಗೂ ಇರಲಿಲ್ಲ. ಇಬ್ಬರೂ ಆ ಊರಿಗೆ ಹೊಸಬರು. ಅವರ ಪೂರ್ವಾಪರವೂ ಯಾರಿಗೂ ತಿಳಿಯದು.

"ಮೇಡಂ, ಇದು ಇಲಾಖೆಗಳ ಸಹಭಾಗಿತ್ವ ಅಲ್ಲ," ಎಂದು ಸಭೆ ಮುಗಿದ ಮೇಲೆ ಹೆಡ್ ಕ್ಲಾರ್ಕ್ ದನಿ ತಗ್ಗಿಸಿದ. ಕಚೇರಿಯೆಲ್ಲ ಅವನನ್ನು ರೇಡಿಯೋ ಎಂದೇ ಕರೆಯುತ್ತಿತ್ತು. "ಬೇರೆಯದೇ ಸಹಭಾಗಿತ್ವ. ಅಂಕಿ ಅಂಶಾನೂ ಇಬ್ಬರೂ ಕೂತು ಹೆಣೀತಿದ್ದಾರೆ."

ನಿರ್ದೇಶಕಿಯ ಈ ಹೊಸ ಪದ್ಧತಿಯನ್ನು ಎಲ್ಲ ಇಲಾಖೆಗಳಿಗೂ ಹಬ್ಬಿಸುವುದೋ ಕಸದ ಬುಟ್ಟಿಗೆ ಹಾಕುವುದೋ ಎಂದು ಮೇಲಿನವರು ತೀರ್ಮಾನಿಸುವ ಹೊತ್ತು ಅದು. ತೋರಿಸಲು ಅವರ ಕೈಯಲ್ಲಿದ್ದದ್ದು ಪೂರ್ವ ವಲಯ ಒಂದೇ. ಅದೂ ಬೊಗಳೆಯಾದರೆ ಮಾನ ಹರಾಜು.

ಕ್ಯಾಂಟೀನಿನಿಂದ ನೇರವಾಗಿ ಜೀಪು ಹತ್ತಿದರು. ಯಾರಿಗೂ ಹೇಳದೆ ಪೂರ್ವ ವಲಯದ ಗಲ್ಲಿಗಳಲ್ಲಿ ಇಳಿದು ನಲ್ಲಿ ತಿರುಗಿಸಿದರು, ಬಾಗಿಲು ಬಡಿದರು, ಶಾಲೆಗೂ ಹೊಕ್ಕರು. ಬೆಂಚುಗಳು ತುಂಬಿದ್ದವು. ಮಕ್ಕಳ ಗಲಾಟೆಗೆ ಕಿವಿ ಗುಂಯ್ ಎಂದಿತು.

"ಆ ಇಬ್ಬರಾ? ಬರ್ತಾನೇ ಇರ್ತಾರೆ ತಾಯಿ," ಎಂದಳು ಮನೆ ಮುಂದೆ ಕೂತಿದ್ದ ಅಜ್ಜಿಯೊಬ್ಬಳು. "ಆಯಪ್ಪ ನಲ್ಲಿ ನೋಡ್ತಾನೆ, ಆಯಮ್ಮ ಮಕ್ಕಳನ್ನ ನೋಡ್ತಾಳೆ. ಆಮೇಲೆ ನನ್ನ ಮೆಟ್ಟಿಲ ಮೇಲೆ ಕೂತು ವಾದ ಹಾಕ್ತಾರೆ. ಇತ್ಯರ್ಥ ಆಗೋ ತನಕ ಏಳೋದಿಲ್ಲ."

ಅಂಕಿಗಳು ಅಪ್ಪಟ ನಿಜ. ಹಾಗಾದರೆ ಕ್ಯಾಂಟೀನಿನ ಪಿಸುಮಾತು ಏನು? ತಲೆ ಕೆಟ್ಟುಹೋಯಿತು. ಇಬ್ಬರನ್ನೂ ತಮ್ಮ ಕೊಠಡಿಗೆ ಕರೆಸಿದರು. ರೇಡಿಯೋ ಕಡತ ಹುಡುಕುವ ನೆಪದಲ್ಲಿ ಬೀರುವಿನ ಪಕ್ಕದಲ್ಲೇ ಉಳಿದುಕೊಂಡ.

"ನಿಮ್ಮ ಕೆಲಸದ ಬಗ್ಗೆ ತಕರಾರಿಲ್ಲ," ಎಂದರು ನಿರ್ದೇಶಕಿ. "ಆದ್ರೆ ಬೆಳಗ್ಗೆ ನನ್ನದು, ಸಂಜೆ ನಿನ್ನದು ಅಂತ ಏನನ್ನ ಹಂಚಿಕೊಳ್ತಿದ್ರಿ? ನೇರವಾಗಿ ಹೇಳಿಬಿಡಿ."

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಮಗಳನ್ನ, ಮೇಡಂ," ಎಂದರು ಎಂಜಿನಿಯರ್.

"ಯಾರ ಮಗಳು?"

"ನಮ್ಮ ಮಗಳು. ಎರಡನೇ ಕ್ಲಾಸು. ಶಾಲೆಗೆ ಬಿಡೋದು ಇವಳು, ಕರ್ಕೊಂಡು ಬರೋದು ನಾನು. ಇವಳು ಐಸ್‌ಕ್ರೀಂ ಬೇಡ ಅಂದ್ರೆ ಮಗಳು ಸೀದಾ ನನ್ನ ಹತ್ರ ಬರ್ತಾಳೆ, ಕಿಲಾಡಿ. ಅದಕ್ಕೇ ಇಬ್ಬರೂ ಮೊದಲೇ ಮಾತಾಡಿಕೊಂಡುಬಿಡ್ತೀವಿ."

ಚುರುಕಿನವಳು ತಾನಲ್ಲ ಎಂದು ನಿರ್ದೇಶಕಿಗೆ ಒಂದು ಗಳಿಗೆ ಪಿಚ್ಚೆನಿಸಿತು. ಮರುಗಳಿಗೆಯೇ ಬಿದ್ದು ಬಿದ್ದು ನಕ್ಕರು. ಎದೆಯ ಮೇಲಿನ ಬಂಡೆ ಇಳಿದಂತಾಗಿತ್ತು. ಬೀರುವಿನ ಪಕ್ಕದಲ್ಲಿ ರೇಡಿಯೋದ ಮುಖ ಸಪ್ಪಗಾಯಿತು.

"ಅಯ್ಯೋ, ಗಂಡ ಹೆಂಡತಿ ಅಂತ ಮೊದಲೇ ಹೇಳಬಾರದಿತ್ತಾ! ಗುಟ್ಟು ಈಗ ಗೊತ್ತಾಯ್ತು. ನಾಳೆಯೇ ಮೇಲಕ್ಕೆ ಬರೀತೀನಿ. ಎಲ್ಲ ವಲಯಕ್ಕೂ ಒಂದೊಂದು ಜೋಡೀನ ಹಾಕಿಬಿಡೋಣ."

"ದಯವಿಟ್ಟು ಬೇಡ ಮೇಡಂ," ಎಂದರು ಡಾಕ್ಟರಮ್ಮ, ನಗುತ್ತಲೇ. "ಗಂಡ ಹೆಂಡತಿ ಆಗಿದ್ದಾಗ ಒಂದು ಬಲ್ಬು ಹೋದ್ರೂ ಯಾರ ತಪ್ಪು ಅಂತ ವಾರಗಟ್ಟಲೆ ಕಿತ್ತಾಡ್ತಿದ್ವಿ. ಇದನ್ನೆಲ್ಲ ಕಲಿತದ್ದು ಡಿವೋರ್ಸ್ ಆದ ಮೇಲೆ."