ಕೊನೇ ಪೀಸು

ತೊಲೆಯಿಂದ ನೇತಾಡುತ್ತಿದ್ದ ಕಬ್ಬಿಣದ ಬಾವಿ ರಾಟೆಯನ್ನು ಆಂಜಿನಮ್ಮ ಬೆರಳು ಮಾಡಿ ತೋರಿಸಿ, ಅದು ಬೇಕು ಅಂದಳು. ಅಂಗಡಿಯ ವೆಂಕಟರವಣಪ್ಪ ತಲೆಯೆತ್ತಿ ನೋಡಿದರು. ಅದು ಕೊನೇ ಪೀಸು, ಕೊಡುವುದಿಲ್ಲ ಅಂದರು.

ಶಿಡ್ಲಘಟ್ಟದ ಪೇಟೆಯಲ್ಲಿ ಅವರ ಅಪ್ಪ ಇಟ್ಟ ಆ ಹಾರ್ಡ್‌ವೇರ್ ಅಂಗಡಿಯ ಪದ್ಧತಿಯೇ ಹಾಗೆ. ಮೊಳೆ, ಚಿಲಕ, ಲಾಟೀನಿನ ಗಾಜು, ಇಲಿ ಬೋನು, ಹೊಲಿಗೆ ಮಿಷನ್ನಿನ ಬೆಲ್ಟು, ಯಾರು ಏನೇ ಕೇಳಲಿ 'ಇದೆ' ಅನ್ನುವುದು ವೆಂಕಟರವಣಪ್ಪನವರ ಹೆಮ್ಮೆ. ಕೊನೆಯದನ್ನೂ ಮಾರಿಬಿಟ್ಟರೆ ನಾಳೆ ಬಂದವರಿಗೆ 'ಇಲ್ಲ' ಅನ್ನಬೇಕಾಗುತ್ತದಲ್ಲ. ಹಾಗಾಗಿ ಪ್ರತಿಯೊಂದರಲ್ಲೂ ಒಂದು ಅಂಗಡಿಯಲ್ಲೇ ಉಳಿಯುತ್ತಿತ್ತು. ಹಳೇ ಸಾಮಾನು ತಯಾರಾಗುವುದು ನಿಂತ ಮೇಲೆ ಅರ್ಧ ಅಂಗಡಿ ಕೊನೇ ಪೀಸುಗಳಿಂದಲೇ ತುಂಬಿಹೋಯಿತು. ಒಳಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುವ ಹೆಂಡತಿ ಚಿಕ್ಕವೆಂಕಟಮ್ಮ, ಇದು ಅಂಗಡಿಯಲ್ಲ ಮ್ಯೂಸಿಯಂ, ಬಾಗಿಲಲ್ಲಿ ಟಿಕೆಟ್ ಕೊಡಬೇಕು ಅಷ್ಟೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಆಂಜಿನಮ್ಮ ಜಂಗಮಕೋಟೆ ಕಡೆಯವಳು. ಬೋರ್‌ವೆಲ್ಲಿನ ಮೋಟರು ಸುಟ್ಟು ರಿಪೇರಿಗೆ ಹೋಗಿತ್ತು. ಮೆಕ್ಯಾನಿಕ್ ನಾಳೆ, ನಾಳಿದ್ದು ಎಂದು ಆಡಿಸುತ್ತಿದ್ದ. ಕೊಟ್ಟಿಗೆಯಲ್ಲಿ ಸೀಮೆಹಸುಗಳು, ಅದರಲ್ಲೊಂದು ಈಗಷ್ಟೇ ಕರು ಹಾಕಿತ್ತು. ಪುಣ್ಯಕ್ಕೆ ಊರ ಕೆರೆ ತುಂಬಿದ ಮೇಲೆ ಹಿತ್ತಲಿನ ಹಳೇ ಬಾವಿಯಲ್ಲಿ ನೀರು ಬಂದಿತ್ತು. ಆದರೆ ಬಾವಿ ಬತ್ತಿದ್ದ ಕಾಲದಲ್ಲಿ ರಾಟೆ ಗುಜರಿಗೆ ಹೋಗಿತ್ತು. ಬೈಪಾಸಿನ ದೊಡ್ಡ ಅಂಗಡಿಯಲ್ಲಿ ಕೇಳಿದರೆ ಅಲ್ಲಿಯವರು ಕಂಪ್ಯೂಟರಿನಲ್ಲಿ ಹುಡುಕಿ, ಜಿಮ್ಮಿಗೆ ಹಾಕುವ ಯಾವುದೋ ಚಕ್ರದ ಚಿತ್ರ ತೋರಿಸಿದ್ದರಂತೆ. ಬರೀ ಕೈಯಲ್ಲಿ ಹಗ್ಗ ಎಳೆದೂ ಎಳೆದೂ ಬೊಬ್ಬೆ ಬಂದಿದ್ದ ಅಂಗೈಗಳನ್ನು ಅವಳು ಬಿಚ್ಚಿ ತೋರಿಸಿದಳು. ವೆಂಕಟರವಣಪ್ಪ ನಿಜವಾಗಿಯೂ ನೊಂದುಕೊಂಡರು. ಮುಲಾಮು ಬೇಕಾದಷ್ಟಿದೆ, ತೆಗೆದುಕೊಂಡು ಹೋಗು ಅಂದರು.

ಆಂಜಿನಮ್ಮ ಹೋಗಲಿಲ್ಲ. ಒಳಬಾಗಿಲ ಬಳಿಯಿದ್ದ ಹಗ್ಗದ ಸುರುಳಿಯ ಮೇಲೆ ಕೂತಳು. ಚಿಕ್ಕವೆಂಕಟಮ್ಮ ಒಂದು ಹಿಡಿ ಅವರೆಕಾಯಿ ಅವಳ ಮಡಿಲಿಗೆ ಹಾಕಿದರು. ಇಬ್ಬರೂ ಸುಲಿಯುತ್ತಾ, ಹಸುವಿನ ಹಾಲು, ಕರುವಿನ ಬಣ್ಣ ಎಂದು ಮಾತಿಗಿಳಿದರು. ಅಂಗಡಿಯಲ್ಲಿ ಗಂಡಸೊಬ್ಬ ಇದ್ದಾನೆಂಬುದೇ ಅವರಿಗೆ ಮರೆತುಹೋದಂತಿತ್ತು. ವೆಂಕಟರವಣಪ್ಪ ತೂಗಿದ ಮೊಳೆಯನ್ನೇ ಮತ್ತೆ ತೂಗಿದರು.

ಅಷ್ಟರಲ್ಲಿ ಕಾರೊಂದು ನಿಂತಿತು. ಇಳಿದವನು ಅಂಬರೀಶ್, ಸ್ಕಂದಗಿರಿಯ ಬುಡದಲ್ಲಿ ಹೋಮ್‌ಸ್ಟೇ ನಡೆಸುವವನು. ಒಳಗೆ ಬಂದವನೇ ಬೆರಗಾಗಿ ಲಾಟೀನು, ಬೀಗ, ಒಲೆ ಎಲ್ಲದರ ಫೋಟೋ ತೆಗೆದ. ವೆಂಕಟರವಣಪ್ಪನವರ ಎದೆ ಉಬ್ಬಿತು. ಕೊನೆಗೆ ಅವನ ಕಣ್ಣು ರಾಟೆಯ ಮೇಲೆ ಬಿತ್ತು. ಊಟದ ಕೋಣೆಯಲ್ಲಿ ಅದನ್ನು ಕಟ್ಟಿ ಬಲ್ಬು ಇಳಿಬಿಟ್ಟರೆ ಬೆಂಗಳೂರಿನವರು ಮರುಳಾಗುತ್ತಾರೆ, ಎಷ್ಟಾದರೂ ಸರಿ ಎಂದ. ಕೊನೇ ಪೀಸು, ಕೊಡುವುದಿಲ್ಲ ಎಂದರು ವೆಂಕಟರವಣಪ್ಪ. ಕಾರು ಹೊರಟಮೇಲೆ, ದುಡ್ಡಿಗೆ ಬಗ್ಗದ ತಮ್ಮ ಗತ್ತನ್ನು ಮೆಚ್ಚಲಿ ಎಂಬಂತೆ ಹೆಂಗಸರ ಕಡೆ ತಿರುಗಿದರು.

ಆಂಜಿನಮ್ಮ ಸಿಪ್ಪೆ ಕೊಡವಿಕೊಂಡು ಎದ್ದಳು. "ಅವರು ಕೇಳಿದ್ದು ಬಲ್ಬು ನೇತಾಕೋಕೆ. ನಾನು ಕೇಳಿದ್ದು ನೀರು ಸೇದೋಕೆ. ಇಬ್ರಿಗೂ ಒಂದೇ ಮಾತು ಹೇಳ್ತೀರಲ್ಲಣ್ಣ. ನಿಮ್ಗೆ ನಾನೂ ಅವರೂ ಒಂದೇನಾ?"

ವೆಂಕಟರವಣಪ್ಪ ಹೆಂಡತಿಯ ಮುಖ ನೋಡಿದರು. ಅವರು ತಲೆ ಎತ್ತದೆಯೇ, "ಮಾವನೋರು ಅದನ್ನ ತರಿಸಿದ್ದು ಬಾವಿಗೆ ಅಂತ ಕಣ್ರೀ, ತೊಲೆಗಲ್ಲ" ಅಂದರು.

ಇದೇಮಿ ಗೋಲ, ಇದೆಂಥ ರಗಳೆ ಎಂದು ತೆಲುಗಿನಲ್ಲಿ ಗೊಣಗುತ್ತಾ ವೆಂಕಟರವಣಪ್ಪ ಉದ್ದನೆಯ ಕೋಲಿನಿಂದ ರಾಟೆಯನ್ನು ಇಳಿಸಿದರು. ಹೆಗಲ ಟವೆಲಿನಿಂದ ಧೂಳು, ಜೇಡರಬಲೆ ಒರೆಸಿದರು. ಬೆರಳಿನಿಂದ ತಿರುಗಿಸಿದರೆ ಅದು ಕಿರ್ರೆಂದು ಒಂದು ಸುತ್ತು ಹಾಕಿ ನಿಂತಿತು. ಅವಳ ಕೈಗೆ ಕೊಟ್ಟರೂ ಬೆರಳು ಬಿಡಲು ಅವರಿಗೆ ಮನಸ್ಸಾಗಲಿಲ್ಲ, ಆಂಜಿನಮ್ಮ ಸ್ವಲ್ಪ ಎಳೆದೇ ತೆಗೆದುಕೊಳ್ಳಬೇಕಾಯಿತು. ಮಾರುವ ಯೋಚನೆಯೇ ಇಲ್ಲದ್ದರಿಂದ ಅದರ ಬೆಲೆ ಅವರಿಗೆ ಗೊತ್ತಿರಲಿಲ್ಲ. ಚಿಕ್ಕವೆಂಕಟಮ್ಮನೇ ಯೋಚಿಸಿ ಒಂದು ಬೆಲೆ ಹೇಳಿದರು.

ಆ ಸಂಜೆಯೆಲ್ಲ ವೆಂಕಟರವಣಪ್ಪ ಚಡಪಡಿಸಿದರು. ಬಾವಿಯ ಮೇಲಿನ ದೂಲ ಗಟ್ಟಿಯಿದೆಯೋ ಇಲ್ಲವೋ, ಹಗ್ಗ ದಪ್ಪವಾದರೆ ಕಚ್ಚಿಕೊಳ್ಳುತ್ತದೆ, ಯಾರಾದರೂ ಹೋಗಿ ನೋಡಬೇಕಿತ್ತು ಎಂದು ತಮಗೆ ತಾವೇ ಹೇಳಿಕೊಂಡರು. ಬೆಳಿಗ್ಗೆ ಅಂಗಡಿ ತೆಗೆಯದೆ, ಹೆಂಡತಿಯನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಜಂಗಮಕೋಟೆ ದಾರಿ ಹಿಡಿದರು.

ಹಿತ್ತಲಿನಿಂದ ರಾಟೆಯ ಕಿರುಚಾಟ ಬೀದಿಗೇ ಕೇಳಿಸುತ್ತಿತ್ತು. ಅಂಥ ಸದ್ದನ್ನು ಹುಟ್ಟಿದಾಗಿನಿಂದ ಕೇಳಿರದ ಕರು ಹಗ್ಗ ಜಗ್ಗುತ್ತಾ ಕುಣಿಯುತ್ತಿತ್ತು. ಸದ್ದಿಗೇ ಬಂದ ಅಕ್ಕಪಕ್ಕದ ಮುದುಕಿಯರು ಬಿಂದಿಗೆ ಹಿಡಿದು ನಿಂತಿದ್ದರು. ವೆಂಕಟರವಣಪ್ಪ ದೂಲವನ್ನು ನೋಡಿದರು, ಹಗ್ಗವನ್ನು ಮುಟ್ಟಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ, ಒಂದೇ ಒಂದು ಬಕೆಟ್ಟು ಎಂದು ಹಗ್ಗ ಈಸಿಕೊಂಡರು. ಒಂದಾಯಿತು, ಇನ್ನೊಂದಾಯಿತು. ಹಸುಗಳು ಕುಡಿದು ಮುಖ ತಿರುಗಿಸಿದವು. ಬಿಂದಿಗೆಗಳು ತುಂಬಿದವು. ತೊಟ್ಟಿ ತುಂಬಿ ನೀರು ನುಗ್ಗೆಮರದ ಬುಡಕ್ಕೆ ಹರಿಯತೊಡಗಿತು. ಒದ್ದೆ ಪಂಚೆಯಲ್ಲಿ ಅವರು ಸೇದುತ್ತಲೇ ಇದ್ದರು.

ಸಾಕು ಎನ್ನಲು ಹೊರಟ ಆಂಜಿನಮ್ಮನ ಕೈಯನ್ನು ಚಿಕ್ಕವೆಂಕಟಮ್ಮ ಹಿಡಿದು ನಿಲ್ಲಿಸಿದರು.

"ಇರಮ್ಮ. ಇಷ್ಟು ವರ್ಷ ಅಂಗಡಿ ಇಟ್ಕೊಂಡು, ಸಾಮಾನು ಕೆಲ್ಸ ಮಾಡೋದನ್ನ ಅವರು ಇವತ್ತೇ ನೋಡ್ತಿರೋದು."